ವಕೀಲರ ಕಚೇರಿಯ ಬೋರ್ಡು ಹೇಳದ ಸಂಗತಿಗಳು

ನನ್ನ ಅಪ್ಪ ಪಾಲಿನ ದಾವೆ ಹೂಡಬೇಕೆಂದು ಹೊರಟಾಗ ಊರಿನಲ್ಲಿ ಯಾರನ್ನು ಕೇಳಿದರೂ ಒಂದೇ ಹೆಸರು ಹೇಳಿದರು. ಜಿಲ್ಲೆಗೇ ದೊಡ್ಡ ವಕೀಲರು. ಕೊಲೆ ಕೇಸಿನಲ್ಲಿ ಸಿಕ್ಕಿಕೊಂಡವರಿಗೂ ಜಾಮೀನು ಕೊಡಿಸಿದವರು, ಸಾಕ್ಷಿಕಟ್ಟೆಯಲ್ಲಿ ನಿಂತ ಪೊಲೀಸರಿಗೇ ಬೆವರಿಳಿಸಿದವರು. ಅಪ್ಪ ಅವರ ಹತ್ತಿರವೇ ಹೋದರು. ದಾವೆ ಹೂಡಿದ್ದೂ ಆಯಿತು. ಆದರೆ ವಾದಪತ್ರದಲ್ಲಿ ಮದುವೆಯಾಗಿ ಹೋಗಿದ್ದ ಅತ್ತೆಯ ಹೆಸರು ಇರಲಿಲ್ಲ. ಹೊಳೆಯಾಚೆಯ ಎರಡು ಸರ್ವೆ ನಂಬರುಗಳೂ ಬಿಟ್ಟುಹೋಗಿದ್ದವು. ಪಾಲಿನ ದಾವೆಯೆಂದರೆ ಹಕ್ಕಿರುವವರೆಲ್ಲ ಪಕ್ಷಗಾರರಾಗಿರಬೇಕು, ಕುಟುಂಬದ ಆಸ್ತಿಯೆಲ್ಲ ಷೆಡ್ಯೂಲಿನಲ್ಲಿ ಬಂದಿರಬೇಕು. ಸಿವಿಲ್ ಕೆಲಸದ ಕಚೇರಿಯಲ್ಲಿ ಒಂದು ವರ್ಷ ಕೂತ ಜೂನಿಯರಿಗೂ ಇದು ಗೊತ್ತಿರುತ್ತದೆ. ಆರು ವರ್ಷ ನಡೆದ ದಾವೆ ಇದೊಂದು ಕಾರಣಕ್ಕೆ ವಜಾ ಆಯಿತು.

ಆ ವಕೀಲರಿಗೆ ಇದ್ದ ಹೆಸರು ಸುಳ್ಳಲ್ಲ. ಅದು ಬೇರೆ ಕೆಲಸದಿಂದ ಬಂದ ಹೆಸರು, ಅಷ್ಟೆ. ‘ಒಳ್ಳೆಯ ವಕೀಲರು ಯಾರು?’ ಎಂದು ನಾವು ಕೇಳಿದೆವು. ‘ಪಾಲಿನ ದಾವೆಗೆ ಒಳ್ಳೆಯ ವಕೀಲರು ಯಾರು?’ ಎಂದು ಕೇಳಬೇಕಿತ್ತು. ಜಿಲ್ಲಾ ಕೇಂದ್ರಗಳಲ್ಲಿ, ತಾಲ್ಲೂಕು ಊರುಗಳಲ್ಲಿ ಇರುವ ವಕೀಲರ ಕಚೇರಿಗಳು ಯಾವ ಯಾವ ಕೆಲಸ ಮಾಡುತ್ತವೆ, ಅವುಗಳ ಹೆಸರು ಹೇಗೆ ಕಟ್ಟಿಕೊಳ್ಳುತ್ತದೆ ಎಂದು ಆಗ ನಮಗೆ ಯಾರಾದರೂ ಬಿಡಿಸಿ ಹೇಳಿದ್ದರೆ ಆರು ವರ್ಷ ಉಳಿಯುತ್ತಿತ್ತು.

ಬೋರ್ಡು ಯಾಕೆ ಸುಮ್ಮನಿದೆ

ಕೋರ್ಟಿನ ಎದುರಿನ ಬೀದಿಯಲ್ಲಿ ನಡೆದು ನೋಡಿ. ಹೆಸರು, ಬಿ.ಎ., ಎಲ್‌ಎಲ್‌.ಬಿ., ವಕೀಲರು ಮತ್ತು ನೋಟರಿ. ಹತ್ತು ಬೋರ್ಡು ನೋಡಿದರೂ ಇಷ್ಟೇ. ವೈದ್ಯರ ಬೋರ್ಡಿನಲ್ಲಿ ಮೂಳೆ ತಜ್ಞರೋ ಮಕ್ಕಳ ತಜ್ಞರೋ ತಿಳಿಯುತ್ತದೆ. ವಕೀಲರ ಬೋರ್ಡಿನಲ್ಲಿ ತಿಳಿಯುವುದಿಲ್ಲ. ಕಾರಣ ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ. ವಕೀಲರು ಜಾಹೀರಾತು ಕೊಡುವಂತಿಲ್ಲ, ದಲ್ಲಾಳಿಗಳ ಮೂಲಕ ಕಕ್ಷಿದಾರರನ್ನು ಕರೆಸಿಕೊಳ್ಳುವಂತಿಲ್ಲ. ಬೋರ್ಡು ಹದವಾದ ಅಳತೆಯದಾಗಿರಬೇಕು. ತಾನು ಇಂಥ ಕೆಲಸದಲ್ಲಿ ಪರಿಣತ ಎಂದಾಗಲಿ, ಹಿಂದೆ ನ್ಯಾಯಾಧೀಶನಾಗಿದ್ದೆ ಎಂದಾಗಲಿ, ವಕೀಲರ ಸಂಘದ ಅಧ್ಯಕ್ಷ ಎಂದಾಗಲಿ ಅದರಲ್ಲಿ ಬರೆಸುವಂತಿಲ್ಲ. 2008ರಲ್ಲಿ ಒಂದು ಸಡಿಲಿಕೆ ಬಂತು: ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಓದು, ಮತ್ತು ಯಾವ ಕ್ಷೇತ್ರದಲ್ಲಿ ಕೆಲಸ ಮಾಡುತ್ತೇವೆ ಎಂಬುದನ್ನು ಹಾಕಬಹುದು. ಜಿಲ್ಲೆಯ ಬಹುತೇಕ ಕಚೇರಿಗಳಿಗೆ ಇವತ್ತಿಗೂ ವೆಬ್‌ಸೈಟೇ ಇಲ್ಲ.

ಈ ನಿಯಮ ಸರಿಯೆಂದೇ ನನ್ನ ಎಣಿಕೆ. ನ್ಯಾಯ ಕೇಳಿ ಬಂದವನ ಕಷ್ಟ ಸರಕಾಗಬಾರದು. ಆದರೆ ಬೋರ್ಡು ಸುಮ್ಮನಿದ್ದಾಗ ಮಾಹಿತಿ ಬಾಯಿಂದ ಬಾಯಿಗೇ ದಾಟಬೇಕು. ಹಾಗೆ ದಾಟುವಾಗ ‘ಯಾವ ಕೆಲಸಕ್ಕೆ’ ಎಂಬ ಭಾಗ ಉದುರಿ ಬರೀ ‘ದೊಡ್ಡ ವಕೀಲರು’ ಎಂಬುದು ಉಳಿಯುತ್ತದೆ.

ಇನ್ನೊಂದು ಗೊಂದಲ ‘ಅಸೋಸಿಯೇಟ್ಸ್’ ಎಂಬ ಮಾತಿನದು. ನಾಲ್ಕೈದು ವಕೀಲರು ಸೇರಿ ಪಾಲುದಾರಿಕೆ ಮಾಡಿಕೊಳ್ಳಬಹುದು, ಅದಕ್ಕೊಂದು ಹೆಸರನ್ನೂ ಇಡಬಹುದು. ಆದರೆ 1961ರ ವಕೀಲರ ಕಾಯಿದೆಯ ಪ್ರಕಾರ ಕೋರ್ಟಿನಲ್ಲಿ ನಿಲ್ಲುವ ಹಕ್ಕು ನೋಂದಾಯಿತ ವಕೀಲನೆಂಬ ವ್ಯಕ್ತಿಗೆ ಇದೆ, ಸಂಸ್ಥೆಗಿಲ್ಲ. ನೀವು ಸಹಿ ಹಾಕುವ ವಕಾಲತ್ತಿನಲ್ಲಿ ಯಾರ ಹೆಸರಿದೆಯೋ ಅವರೇ ನಿಮ್ಮ ವಕೀಲರು. ಸೀನಿಯರರ ಮುಖ ನೋಡಿ ಕಚೇರಿಗೆ ಹೋಗಿರುತ್ತೀರಿ. ಸಾಕ್ಷಿ ವಿಚಾರಣೆಯ ದಿನ ನಿಲ್ಲುವವರು ಯಾರು ಎಂದು ಮೊದಲ ದಿನವೇ ಕೇಳಿಕೊಳ್ಳಬೇಕು. ಇದನ್ನು ಕೇಳಲು ಮುಜುಗರ ಬೇಡ, ಒಳ್ಳೆಯ ಕಚೇರಿಗಳು ತಾವಾಗಿಯೇ ಹೇಳುತ್ತವೆ.

ನೆಲದಂತೆ ವಕೀಲಿ

ಊರಿನ ಕಚೇರಿಗಳ ಕೆಲಸದಲ್ಲಿ ದೊಡ್ಡ ಪಾಲು ಜಮೀನಿನದು. ಜಮೀನಿನ ಕಾನೂನು ಮಾತ್ರ ಕರ್ನಾಟಕದ ಎಲ್ಲ ಕಡೆ ಒಂದೇ ಥರ ಬೆಳೆದದ್ದಲ್ಲ. ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ನಿಜಾಮನ ಸೀಮೆ, ಮದ್ರಾಸ್ ಪ್ರಾಂತ, ಕೊಡಗು ಎಂದು ಐದು ಕಡೆಯ ನೆಲ 1956ರಲ್ಲಿ ಒಂದಾಯಿತು. ಹಳೆಯ ಹಕ್ಕುಗಳೂ ಹಳೆಯ ದಾಖಲೆಗಳೂ ಜೊತೆಗೇ ಬಂದವು. 1964ರ ಭೂ ಕಂದಾಯ ಕಾಯಿದೆಯ 79ನೇ ಕಲಮನ್ನು ಓದಿದರೆ ಇದು ಕಣ್ಣಿಗೆ ಕಟ್ಟುತ್ತದೆ. ರೈತರು ಹಿಂದಿನಿಂದ ಸವಲತ್ತು ಅನುಭವಿಸುತ್ತ ಬಂದ ನೆಲಗಳ ಹೆಸರುಗಳು ಅದರಲ್ಲಿವೆ. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ. ಉತ್ತರ ಕನ್ನಡದ ಬೆಟ್ಟ, ಹಾಡಿ. ಮೈಸೂರು ಸೀಮೆಯ ಕಾನು, ಸೊಪ್ಪಿನಬೆಟ್ಟ. ಕೊಡಗಿನ ಜಮ್ಮಾ, ಬಾಣೆ. ಹೈದರಾಬಾದ್ ಸೀಮೆಯ ಮೋಟಸ್ಥಳದ ತರಿ ಜಮೀನು. ಇಡೀ ನಾಡಿನ ನೆಲದ ಮಾತುಗಳು ಒಂದೇ ಕಲಮಿನಲ್ಲಿ ಒತ್ತೊತ್ತಾಗಿ ಕೂತಿವೆ. ಕಾನೂನಿನ ಪುಸ್ತಕದಲ್ಲಿ ನನಗೆ ಇಷ್ಟು ಪ್ರೀತಿಯ ಕಲಮು ಇನ್ನೊಂದಿಲ್ಲ.

ಹೀಗಾಗಿ ಮಂಗಳೂರು, ಉಡುಪಿಯ ಹಳೆಯ ಕಚೇರಿಯೊಂದರ ಪರಿಣತಿ ಧಾರವಾಡದ ಕಚೇರಿಯಲ್ಲಿ ಸಿಗುವುದಿಲ್ಲ. ಕರಾವಳಿಯ ಸಿವಿಲ್ ವಕೀಲರಿಗೆ ಅಳಿಯಸಂತಾನ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಕಟ್ಟಳೆ, ಗೊತ್ತಿರಬೇಕು: ಕುಟುಂಬ ಎಂದರೇನು, ಕವರು ಎಂದರೇನು, ಯಜಮಾನನಿಗೆ ಎಷ್ಟು ಅಧಿಕಾರ, 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯ ಕೆಳಗೆ ಆದ ವಿಭಾಗಪತ್ರವನ್ನು ಹೇಗೆ ಓದಬೇಕು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಏನು ಬದಲಾಯಿತು. ಮೂಲಗೇಣಿ ಇನ್ನೊಂದು ಕಥೆ. ತಲೆಮಾರುಗಳಿಂದ ಖಾಯಂ ಗೇಣಿಯ ಮೇಲೆ ಮನೆ ಕಟ್ಟಿಕೊಂಡು ಕೂತವರಿಗೆ ಒಡೆತನ ಕೊಡಲೆಂದು 2011ರಲ್ಲಿ ಪ್ರತ್ಯೇಕ ಕಾಯಿದೆಯೇ ಬೇಕಾಯಿತು.

ಉತ್ತರದ ಕಡೆ ವತನ, ಇನಾಮು. ಗೌಡಕಿ, ಕುಲಕರ್ಣಿಕೆ, ವಾಲೀಕಾರಿಕೆಗೆ ಬಿಟ್ಟಿದ್ದ ಜಮೀನುಗಳು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ 1963ರಲ್ಲಿ ಸರ್ಕಾರಕ್ಕೆ ಸೇರಿ, ಆಮೇಲೆ ಅದೇ ಮನೆತನಗಳಿಗೆ ಮರುಮಂಜೂರಾದವು. ಒಬ್ಬರ ಹೆಸರಿಗೆ ಮರುಮಂಜೂರಾದದ್ದು ಅವರೊಬ್ಬರದೋ ಇಡೀ ಮನೆತನದ್ದೋ? ಇವತ್ತಿಗೂ ಈ ಪ್ರಶ್ನೆ ಇಟ್ಟುಕೊಂಡು ದಾವೆಗಳು ನಡೆಯುತ್ತಿವೆ. ವಿಜಯಪುರ, ಬಾಗಲಕೋಟೆಗೆ ಹೋದರೆ ಮಾತು ಕೃಷ್ಣೆಯ ಹಿನ್ನೀರಿಗೆ ತಿರುಗುತ್ತದೆ. ಆಲಮಟ್ಟಿಗಾಗಿ ಹೊಲ ಮನೆ ಬಿಟ್ಟುಕೊಟ್ಟವರ ಪರಿಹಾರದ ಕೇಸುಗಳಿಂದಲೇ ಅಲ್ಲಿ ಕೆಲವು ಕಚೇರಿಗಳು ಬೆಳೆದಿವೆ. ಹಳೆಯ 1894ರ ಭೂಸ್ವಾಧೀನ ಕಾಯಿದೆಯ 18ನೇ ಕಲಮಿನ ಕೆಳಗೆ ಪರಿಹಾರ ಹೆಚ್ಚಿಸಿ ಎಂದು ಕೋರ್ಟಿಗೆ ಹೋಗುವುದು, ಪಕ್ಕದ ಹೊಲದವನಿಗೆ ಹೆಚ್ಚಾದರೆ ಮೂರು ತಿಂಗಳೊಳಗೆ 28ಎ ಅರ್ಜಿ ಹಾಕುವುದು ಅಲ್ಲಿಯ ಗುಮಾಸ್ತರಿಗೂ ಬಾಯಿಪಾಠ. 2013ರ ಹೊಸ ಕಾಯಿದೆ ಮಾರುಕಟ್ಟೆ ಬೆಲೆಯ ಮೇಲೆ ಕೊಡುವ ಸಾಂತ್ವನ ಧನವನ್ನು ಶೇಕಡ 30ರಿಂದ 100ಕ್ಕೆ ಏರಿಸಿತು. ಹಾಗಾಗಿ ಒಂದು ಜಮೀನಿಗೆ ಯಾವ ಕಾಯಿದೆ ಅನ್ವಯಿಸುತ್ತದೆ ಎಂಬ ಒಂದೇ ಅಂಶದ ಮೇಲೆ ಒಂದು ಸಂಸಾರದ ಬದುಕು ನಿಂತಿರುತ್ತದೆ.

ಎಲ್ಲ ಕಡೆಯೂ ಇರುವ ಜಮೀನು ಕೇಸುಗಳೂ ಉಂಟು. 1974ರ ಭೂ ಸುಧಾರಣೆಯಲ್ಲಿ ಗೇಣಿದಾರರು ಕೊಟ್ಟ 7ನೇ ನಮೂನೆಯ ಅರ್ಜಿ, ಕರಾವಳಿಯವರು ಡಿಕ್ಲರೇಷನ್ ಎನ್ನುತ್ತಾರೆ. ಅಣ್ಣನೊಬ್ಬನೇ ಅರ್ಜಿ ಕೊಟ್ಟು ಭೂ ನ್ಯಾಯಮಂಡಳಿಯಿಂದ ಹಕ್ಕು ಪಡೆದಿದ್ದರೆ ತಮ್ಮಂದಿರಿಗೆ ಪಾಲಿದೆಯೇ ಎಂಬ ಜಗಳ ಮೊಮ್ಮಕ್ಕಳ ಕಾಲದಲ್ಲೂ ಎದ್ದು ನಿಲ್ಲುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯಿದೆ ಅಡ್ಡ ಬರುತ್ತದೆ. ಅಂಥ ಜಮೀನನ್ನು ಮರಳಿ ಕೊಡಿಸಿ ಎಂದು ಅರ್ಜಿ ಹಾಕಲು ಕಾಲಮಿತಿಯಿಲ್ಲ ಎಂದು 2023ರ ತಿದ್ದುಪಡಿ ಹೇಳಿತು. ಜಮೀನು ಕೊಳ್ಳುವ ಮೊದಲು ದಾಖಲೆ ನೋಡಿಸಲು ಹೋದಾಗ ಮಂಜೂರಾತಿಯ ಮೂಲ ಕಡತ ಕೇಳದ ವಕೀಲರು ಅರ್ಧ ಕೆಲಸ ಮಾಡಿದಂತೆ.

ಇನ್ನು ಹೆಣ್ಣುಮಕ್ಕಳ ಪಾಲು. ಇಲ್ಲಿ ಮೂರು ದಿನಾಂಕಗಳ ಮೇಲೆ ಇಡೀ ದಾವೆ ತಿರುಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕ ಮಾಡಿದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಅದು ಆ ಹೊತ್ತಿಗೆ ಮದುವೆಯಾಗದ ಹೆಣ್ಣುಮಕ್ಕಳಿಗಷ್ಟೇ. ಕೇಂದ್ರದ ತಿದ್ದುಪಡಿ ಬಂದದ್ದು 2005ರ ಸೆಪ್ಟೆಂಬರ್ 9ರಂದು. ಮದುವೆಯಾಗಿರಲಿ ಬಿಡಲಿ, ಮಗಳೂ ಮಗನಷ್ಟೇ ಹಕ್ಕುದಾರಳು. 2004ರ ಡಿಸೆಂಬರ್ 20ಕ್ಕಿಂತ ಮೊದಲು ಆಗಿಹೋದ ವಿಭಾಗ, ಮಾರಾಟಗಳನ್ನು ಅದು ಮುಟ್ಟುವುದಿಲ್ಲ. ಕಾಯಿದೆ ಬರುವಾಗ ಅಪ್ಪ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಬಿಡಿಸಿತು: ಬದುಕಿರಬೇಕಾಗಿಲ್ಲ. ನಿಮ್ಮ ಮುಂದೆ ಕೂತ ವಕೀಲರು ಈ ದಿನಾಂಕಗಳನ್ನು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದಾರೆಂದರೆ ಸರಿಯಾದ ಕಡೆ ಬಂದಿದ್ದೀರಿ.

ಜಮೀನಿನ ಕೆಲಸದೊಳಗೇ ಎರಡು ಕವಲುಗಳಿವೆ, ಇದು ಜನರಿಗೆ ಗೊತ್ತಿರುವುದಿಲ್ಲ. ಪಹಣಿಯಲ್ಲಿ, ಉತ್ತರದವರ ಉತಾರದಲ್ಲಿ, ಹೆಸರು ತಪ್ಪಿದ್ದರೆ ಅದು ಕಂದಾಯದವರ ಬಾಗಿಲು: ತಹಶೀಲ್ದಾರರ ಆದೇಶದ ಮೇಲೆ ಉಪವಿಭಾಗಾಧಿಕಾರಿಗೆ, ಅಂದರೆ ಎಸಿಗೆ, ಅಲ್ಲಿಂದ ಜಿಲ್ಲಾಧಿಕಾರಿಗೆ. ಒಡೆತನ ಯಾರದು ಎಂಬುದು ಸಿವಿಲ್ ಕೋರ್ಟಿನ ಬಾಗಿಲು. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಬರುವುದಿಲ್ಲ. ಎಸಿ ಕೋರ್ಟಿನಲ್ಲೇ ದಿನ ಕಳೆಯುವ ವಕೀಲರು ಬೇರೆ, ಸಿವಿಲ್ ಕೋರ್ಟಿನಲ್ಲಿ ಸಾಕ್ಷಿ ನಡೆಸುವವರು ಬೇರೆ. ಎರಡೂ ಬಲ್ಲ ಕಚೇರಿ ಸಿಕ್ಕರೆ ಅದೃಷ್ಟ.

ಗಡುವಿನ ಕೇಸುಗಳು

ಉಳಿದ ಕೆಲಸಗಳಲ್ಲಿ ಹೆಚ್ಚಿನವು ಗಡುವಿನ ಮೇಲೆ ನಿಂತವು. ಚೆಕ್ ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಕೈಸೇರಿದ 30 ದಿನಗಳೊಳಗೆ ನೋಟಿಸು ಹೋಗಬೇಕು; ಅದು ತಲುಪಿದ ಮೇಲೆ ಹಣ ಕೊಡಲು 15 ದಿನ; ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಖಾಸಗಿ ಫಿರ್ಯಾದು. ರಸ್ತೆ ಅಪಘಾತದ ಪರಿಹಾರಕ್ಕೆ, ಅಂದರೆ ಕೋರ್ಟಿನವರು ಎಂ.ವಿ.ಸಿ. ಎನ್ನುವ ಕೇಸಿಗೆ, 2022ರ ಏಪ್ರಿಲ್ 1ರಿಂದ ಆರು ತಿಂಗಳ ಮಿತಿ ಬಂದಿದೆ. ಸಂಚಕಾರ ಪತ್ರ ಮಾಡಿಕೊಂಡು ಖರೀದಿ ಮಾಡಿಕೊಡದಿದ್ದರೆ ದಾವೆಗೆ ಮೂರು ವರ್ಷ. ಕ್ರಿಮಿನಲ್ ಕೆಲಸದಲ್ಲಂತೂ ಗಂಟೆಗಳ ಲೆಕ್ಕ. ಅದರ ಜೊತೆಗೆ 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಬಂದು ಹಳಬರೆಲ್ಲ ಕಲಮುಗಳನ್ನು ಹೊಸದಾಗಿ ಕಲಿಯಬೇಕಾಯಿತು. ನಿರೀಕ್ಷಣಾ ಜಾಮೀನಿನ 438 ಈಗ 482 ಆಗಿದೆ. ಕೌಟುಂಬಿಕ ನ್ಯಾಯಾಲಯದಲ್ಲಿ ಮಾತ್ರ ವಕೀಲರನ್ನು ಹಕ್ಕಿನಿಂದ ನಿಲ್ಲಿಸುವಂತಿಲ್ಲ, ನ್ಯಾಯಾಲಯದ ಅನುಮತಿ ಬೇಕು; ಅಲ್ಲಿ ಮಾತಿಗಿಂತ ತಾಳ್ಮೆ ಇರುವವರು ಬೇಕಾಗುತ್ತಾರೆ.

ಹೈಕೋರ್ಟಿನ ನಂಟೂ ಕಚೇರಿಯ ಬೆಲೆಯನ್ನು ಬದಲಿಸಿದೆ. ಮೊದಲು ಬೀದರಿನವನ ಮೇಲ್ಮನವಿಗೂ ಬೆಂಗಳೂರೇ ಗತಿ. 2008ರಲ್ಲಿ ಧಾರವಾಡ, ಕಲಬುರಗಿಗಳಲ್ಲಿ ಸಂಚಾರಿ ಪೀಠಗಳು ಬಂದವು, 2013ರಲ್ಲಿ ಅವು ಕಾಯಂ ಆದವು. ಧಾರವಾಡಕ್ಕೆ ಬೆಳಗಾವಿ, ಬಾಗಲಕೋಟೆ, ಗದಗ, ಹಾವೇರಿ, ಉತ್ತರ ಕನ್ನಡ, ಕೊಪ್ಪಳ, ಬಳ್ಳಾರಿ ಸೀಮೆ. ಕಲಬುರಗಿಗೆ ಬೀದರ್, ರಾಯಚೂರು, ಯಾದಗಿರಿ, ವಿಜಯಪುರ. ಕೆಳಗಿನ ಕೋರ್ಟಿನಲ್ಲಿ ಸಾಕ್ಷಿ ನಡೆಸಿದ ಕಚೇರಿಯೇ ಮೇಲ್ಮನವಿಯನ್ನೂ ನೋಡಿಕೊಳ್ಳಲು ಈ ಜಿಲ್ಲೆಗಳಲ್ಲಿ ಈಗ ಸಾಧ್ಯವಾಗಿದೆ. ಕಡತ ಕೈ ಬದಲಾದಾಗಲೆಲ್ಲ ಏನಾದರೊಂದು ಕಳೆಯುತ್ತದೆ, ಹಾಗಾಗಿ ಇದು ಸಣ್ಣ ಲಾಭವಲ್ಲ.

ಹೆಸರು ಎಲ್ಲಿ ಹುಟ್ಟುತ್ತದೆ

ಕಕ್ಷಿದಾರರು ಕೊಡುವ ಹೆಸರಿಗಿಂತ ಎದುರು ಪಕ್ಷದ ವಕೀಲರು ಕೊಡುವ ಹೆಸರು ಗಟ್ಟಿ. ‘ಆ ಆಫೀಸಿನಿಂದ ಬಂದ ಪ್ಲೇಂಟಿನಲ್ಲಿ ಸಂದು ಹುಡುಕುವುದು ಕಷ್ಟ’ ಎಂಬ ಮಾತು ವಕೀಲರ ಸಂಘದ ಕೋಣೆಯಲ್ಲಿ ಹುಟ್ಟಿ ಹೊರಗೆ ಬರಲು ವರ್ಷಗಳು ಬೇಕು. ನಾವು ಸಿನಿಮಾದಲ್ಲಿ ನೋಡಿದ ವಾದದ ಅಬ್ಬರ ಸಿವಿಲ್ ಕೇಸಿನಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ವಾದಪತ್ರದಲ್ಲಿ ಬರೆಯದ ಸಂಗತಿಗೆ ಮುಂದೆ ಸಾಕ್ಷಿ ಹೇಳಿಸಿದರೂ ಬೆಲೆಯಿಲ್ಲ. ಪಾಟೀಸವಾಲಿನಲ್ಲಿ ಎದುರಾಳಿಯ ಬಾಯಿಂದ ಬೇಕಾದ ಒಂದೇ ಒಂದು ಮಾತು ತೆಗೆದು ಕೂತುಬಿಡುವವರು, ಇಪ್ಪತ್ತು ಪುಟ ಪ್ರಶ್ನೆ ಕೇಳುವವರಿಗಿಂತ ಮೇಲು. ತಾರೀಕು ಕೇಳುವ ಅಭ್ಯಾಸವನ್ನೂ ಗಮನಿಸಬೇಕು. ಒಂದು ಪಕ್ಷಕ್ಕೆ ವಿಚಾರಣೆಯಲ್ಲಿ ಮೂರಕ್ಕಿಂತ ಹೆಚ್ಚು ಸಲ ಮುಂದೂಡಿಕೆ ಕೊಡಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ. ಹಾಗಿದ್ದೂ ವರ್ಷಗಟ್ಟಲೆ ಹೇಗೆ ಎಳೆಯುತ್ತದೆಂದು ಕೋರ್ಟಿಗೆ ಅಲೆದವರಿಗೆ ಗೊತ್ತು.

ಗೆದ್ದ ಮೇಲಿನ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಾಲಿನ ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ. ಯಾರಿಗೆ ಎಷ್ಟು ಪಾಲು ಎಂದಷ್ಟೇ ಅದು ಹೇಳುತ್ತದೆ. ಹೊಲವನ್ನು ಅಳೆದು ಹದ್ದು ಹಾಕಿ ಸ್ವಾಧೀನ ಕೊಡಲು ಅದು ಜಿಲ್ಲಾಧಿಕಾರಿಗೆ ಹೋಗಬೇಕು, ಮನೆ ಜಾಗಗಳಿಗೆ ಅಂತಿಮ ಡಿಕ್ರಿ ಆಗಬೇಕು, ಆಮೇಲೂ ಬಿಟ್ಟುಕೊಡದಿದ್ದರೆ ಅಮಲ್ಜಾರಿ ಅರ್ಜಿ. ‘ಎಷ್ಟು ಕೇಸು ಗೆದ್ದಿದ್ದೀರಿ’ ಎಂದು ಕೇಳುವುದಕ್ಕಿಂತ ‘ಎಷ್ಟು ಅಮಲ್ಜಾರಿ ಮುಗಿಸಿದ್ದೀರಿ’ ಎಂದು ಕೇಳಿದರೆ ಕಚೇರಿಯ ನಿಜವಾದ ಅಳತೆ ಸಿಗುತ್ತದೆ.

ಪರೀಕ್ಷಿಸಲು ಈಗ ಒಂದು ದಾರಿಯೂ ಇದೆ. ಕರ್ನಾಟಕದ ವಕೀಲರ ನೋಂದಣಿ ಸಂಖ್ಯೆ ‘ಕೆಎಆರ್’ ಎಂದು ಶುರುವಾಗಿ ಕೊನೆಯಲ್ಲಿ ನೋಂದಣಿಯಾದ ವರ್ಷ ಹೇಳುತ್ತದೆ. ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲೆ, ನ್ಯಾಯಾಲಯ ಆರಿಸಿ ವಕೀಲರ ಹೆಸರು ಕೊಟ್ಟರೆ ಅವರ ಕೇಸುಗಳ ಪಟ್ಟಿ ಬರುತ್ತದೆ. ಅದರಲ್ಲಿ ಓ.ಎಸ್. ಎಂದು ಹೆಚ್ಚಿದ್ದರೆ ಸಿವಿಲ್ ದಾವೆಗಳು, ಎಂ.ವಿ.ಸಿ. ಹೆಚ್ಚಿದ್ದರೆ ಅಪಘಾತದವು. ಬೋರ್ಡು ಹೇಳದ್ದನ್ನು ಈ ಪಟ್ಟಿ ಹೇಳುತ್ತದೆ. ನಮ್ಮ ಅಪ್ಪನ ಕಾಲಕ್ಕೆ ಇದು ಇರಲಿಲ್ಲ.

ಕೈಯಲ್ಲಿ ಇರಬೇಕಾದ ತಿಳುವಳಿಕೆ

ಫೀಸಿನ ವಿಷಯದಲ್ಲಿ ಒಂದು ಗೆರೆ ಸ್ಪಷ್ಟವಿದೆ. ಕೇಸಿನ ಫಲದಲ್ಲಿ ಇಷ್ಟು ಪಾಲು ಎಂದು ವಕೀಲರು ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಪರಿಷತ್ತಿನ 20ನೇ ನಿಯಮ ಅದನ್ನು ತಡೆಯುತ್ತದೆ. ಅಪಘಾತದ ಕೇಸಿನಲ್ಲಿ ‘ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ, ಈಗೇನೂ ಬೇಡ’ ಎಂದು ಆಸ್ಪತ್ರೆಯ ಬಾಗಿಲಲ್ಲೇ ಹೇಳುವವರಿದ್ದರೆ ಅಲ್ಲಿಂದ ಎದ್ದು ಬನ್ನಿ. ಗಂಡನನ್ನು ಕಳೆದುಕೊಂಡ ಹೆಂಗಸಿನ ಪರಿಹಾರದಲ್ಲಿ ಪಾಲು ಕೇಳುವುದು ನಿಯಮಕ್ಕಷ್ಟೇ ಅಲ್ಲ, ಮನುಷ್ಯತ್ವಕ್ಕೂ ಹೊರತು.

ವಕೀಲರನ್ನು ಬದಲಿಸಬಹುದು. ಹಳೆಯ ವಕೀಲರಿಂದ ಎನ್‌ಒಸಿ ಪಡೆದು ಹೊಸ ವಕಾಲತ್ತು ಹಾಕುವುದು ರೂಢಿ. ಫೀಸು ಬಾಕಿಯಿದೆಯೆಂದು ಕಡತವನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲೇ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಬಾಕಿ ವಸೂಲಿಗೆ ಬೇರೆ ದಾರಿ ಇದೆ. ದುರ್ನಡತೆಯ ದೂರಿದ್ದರೆ ವಕೀಲರ ಕಾಯಿದೆಯ 35ನೇ ಕಲಮಿನ ಕೆಳಗೆ ರಾಜ್ಯ ವಕೀಲರ ಪರಿಷತ್ತಿಗೆ ಕೊಡಬೇಕು. ಗ್ರಾಹಕರ ಆಯೋಗಕ್ಕೆ ಹೋಗುವ ದಾರಿಯನ್ನು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮುಚ್ಚಿತು: ವಕೀಲರ ಸೇವೆ ಗ್ರಾಹಕ ಕಾಯಿದೆಯೊಳಗೆ ಬರುವುದಿಲ್ಲ ಎಂಬುದು ಆ ತೀರ್ಪು. ಫೀಸಿಗೆ ಶಕ್ತಿಯೇ ಇಲ್ಲದವರು ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಬೇಕು. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಈ ಒಂದು ಸಾಲು ಹಳ್ಳಿ ಹಳ್ಳಿಯ ಹೆಂಗಸರಿಗೆ ಗೊತ್ತಾಗಬೇಕು ಎಂದು ನನ್ನ ಆಸೆ.

ಎರಡನೇ ಸಲ ಅಪ್ಪ ಹೋದದ್ದು ತಾಲ್ಲೂಕಿನ ಒಂದು ಸಣ್ಣ ಕಚೇರಿಗೆ. ಜಿಲ್ಲೆಯಲ್ಲಿ ಅವರ ಹೆಸರು ಕೇಳಿದವರು ಕಡಿಮೆ. ಮೊದಲ ದಿನ ಅವರು ಯಾವ ಕಾನೂನನ್ನೂ ಮಾತಾಡಲಿಲ್ಲ. ದೊಡ್ಡ ಹಾಳೆಯೊಂದನ್ನು ಮೇಜಿನ ಮೇಲೆ ಹಾಸಿ ಪೆನ್ಸಿಲ್ ಹಿಡಿದು, ‘ಅಜ್ಜಾರಿಗೆ ಹೆಣ್ಣಮಕ್ಕಳು ಎಷ್ಟು ಮಂದಿ?’ ಎಂದು ಕೇಳಿದರು. ಸಂಜೆಯ ಹೊತ್ತಿಗೆ ವಂಶವೃಕ್ಷ ಹಾಳೆ ತುಂಬಿತ್ತು. ಎರಡನೇ ಸಾಲಿನಲ್ಲಿ ಅತ್ತೆಯ ಹೆಸರೂ ಇತ್ತು, ಕೆಳಗೆ ಹೊಳೆಯಾಚೆಯ ಎರಡು ಸರ್ವೆ ನಂಬರುಗಳೂ ಇದ್ದವು. ಅವುಗಳಲ್ಲಿ ಒಂದು ಈಗ ಅತ್ತೆಯ ಮಗಳ ಹೆಸರಿಗಿದೆ.